ಸೀಟು ಸೊಂಟಕ್ಕೆ ಸಿಗಬೇಕು

ಆ ಹಳೇ ಪಿಕಪ್ ಹುಮನಾಬಾದ್ ರಸ್ತೆಯ ನನ್ನ ಗ್ಯಾರೇಜಿಗೆ ಬಂದ ದಿನ ನಾನು ಮೊದಲು ಗಮನಿಸಿದ್ದು ಅದರ ಡ್ರೈವರ್ ಕೆಳಗಿಳಿದ ರೀತಿ. ಬಾಗಿಲು ತೆಗೆದು, ಸೀಟಿನ ಮೇಲೆಯೇ ಹೊರಗಡೆಗೆ ತಿರುಗಿ, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗೆ ಬಿಟ್ಟು, ಬಲಗಾಲಿನ ಮೇಲೆ ಜಾರಿ ನಿಂತರು. ಹತ್ತುವಾಗ ಇದೇ ಉಲ್ಟಾ. ಗಾಡಿಗೆ ಬೆನ್ನು ಮಾಡಿ ನಿಂತು, ಸೀಟಿನ ಅಂಚಿಗೆ ಕೂತು, ಕಾಲು ಒಳಗೆಳೆದುಕೊಳ್ಳುವುದು. ಎಡಮೊಳಕಾಲು ಅರ್ಧಕ್ಕಿಂತ ಹೆಚ್ಚು ಮಡಿಯುತ್ತಿರಲಿಲ್ಲ.

ಅವರು ಕಮಲಾಪುರದವರು, ಇಬ್ಬರು ಅಣ್ಣತಮ್ಮಂದಿರಲ್ಲಿ ಹಿರಿಯರು. ಮನೆಯ ಕಸುಬು ಬೋರ್‌ವೆಲ್ಲಿನಿಂದ ಕೆಟ್ಟ ಮೋಟಾರು ಎತ್ತುವುದು. ಬೋರಿನ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ, ಮೋಟಾರಿನ ಪೈಪಿಗೆ ಕಟ್ಟಿದ ಹಗ್ಗವನ್ನು ಅದರ ತಲೆಯ ಗಾಲಿಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಪಿಕಪ್ಪಿಗೆ ಕಟ್ಟುತ್ತಾರೆ. ಪಿಕಪ್ ಮುಂದೆ ಸರಿದಂತೆ ಪೈಪು ಮೇಲೆ ಬರುತ್ತದೆ. ಡ್ರೈವರ್ ಒಂದು ಗೇಣು ಹೆಚ್ಚು ಎಳೆದರೆ ಪೈಪು ತುಂಡಾಗಿ ಮೋಟಾರು ಪಾತಾಳಕ್ಕೆ. ಹಾಗಾಗಿ ಆ ಕಸುಬಿನಲ್ಲಿ ಸ್ಟೇರಿಂಗ್ ಹಿಡಿದವನೇ ಯಜಮಾನ. ಅವರ ಮೊಳಕಾಲನ್ನು ತಿಂದದ್ದೂ ಅಂಥದೇ ಒಂದು ಕಂಬ, ಉರುಳಿಬಿದ್ದು. ಅಂದಿನಿಂದ ಅವರಿಗೆ ಕಂಬ ನಿಲ್ಲಿಸಲು ಆಗುವುದಿಲ್ಲ, ಪೈಪು ಹಿಡಿಯಲು ಆಗುವುದಿಲ್ಲ. ಪಿಕಪ್ಪಿನ ಸೀಟು ಒಂದೇ ಉಳಿದಿತ್ತು. ಅದೂ ಹೋದರೆ ಮನೆಯ ಮುಂದೆ ಕೂತು ಹಾದುಹೋಗುವವರನ್ನು ಎಣಿಸುವುದೊಂದೇ ಕೆಲಸ. ಇದನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಪಕ್ಕದ ಸೀಟಿನಿಂದ ತಮ್ಮ ಇಳಿದ. ಕೈಯಲ್ಲಿ ಮೊಬೈಲು, ಕಣ್ಣಿಗೆ ಕರಿ ಕನ್ನಡಕ. ತೊಂದರೆ ಏನೆಂದು ಅವನೇ ಹೇಳಿದ. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿ ಬಿದ್ದ ತಗ್ಗು ಆಳವಾಗುತ್ತದೆ, ನಡುವಿನ ದಿಬ್ಬಕ್ಕೆ ಪಿಕಪ್ಪಿನ ಹೊಟ್ಟೆ ತಾಗಿ ನಿಂತುಬಿಡುತ್ತದೆ, ಕೊನೆಗೆ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಕರೆಸಬೇಕು. ಬೇಡಿಕೆ ನ್ಯಾಯವಾದದ್ದೇ. ಷೋಕಿಗಾಗಿ ಗಾಡಿ ಎತ್ತರಿಸಲು ಬರುವವರನ್ನು ನಾನು ಬಾಗಿಲಿನಿಂದಲೇ ಸಾಗಹಾಕುತ್ತೇನೆ.

ಎರಡು ಇಂಚು ಎತ್ತರಿಸುವುದು, ಟೈರು ಒಂದು ಅಳತೆ ದೊಡ್ಡದು, ಹೀಗೆ ಮಾತಾಯಿತು. ಅಣ್ಣ ಗಾಡಿಗೆ ಬೆನ್ನು ಮಾಡಿ ನಿಂತು, ಸೀಟಿನ ಅಂಚಿಗೆ ಅಂಗೈ ಇಟ್ಟು ತೋರಿಸಿದರು.

"ಉಸ್ತಾದ್ರ, ಎಷ್ಟರ ಎತ್ತ್ರಿ. ಸೀಟು ನನ್ನ ಸೊಂಟಕ್ಕ ಸಿಗಬೇಕು. ಇಷ್ಟ ನಂದು."

"ಸಿಗ್ತದ್ರಿ ಅಣ್ಣಾರ. ಎರಡು ಇಂಚಿಗಿ ಏನೂ ಆಗಲ್ಲ. ಕೆಳಗ ಫುಟ್‌ಬೋರ್ಡ್ ಹ್ಯಾಂಗೂ ಅದ" ಅಂದೆ.

ತಮ್ಮ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಮರುದಿನ ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಟ್ಟು ಬಿಚ್ಚಲು ಶುರುಮಾಡಿದೆವು. ಹಳೇ ಗಾಡಿ ಬಿಚ್ಚುವುದೆಂದರೆ ತುಕ್ಕಿನ ಜೊತೆ ಕುಸ್ತಿ. ಗಾಡಿಯ ಭಾರ ಹೊರುವ ಉಕ್ಕಿನ ಎಲೆಗಳ ಕಮಾನ್ ಪಾಟಾವನ್ನು ಎಕ್ಸೆಲ್‌ಗೆ ಬಿಗಿದಿರುವ ಯು-ಬೋಲ್ಟಿನ ನಟ್ಟುಗಳು ಎಣ್ಣೆಗೂ ಜಗ್ಗಲಿಲ್ಲ, ಪಾನಾದ ಹಿಡಿಗೆ ಪೈಪು ತೊಡಿಸಿದರೂ ಜಗ್ಗಲಿಲ್ಲ. ಗ್ಯಾಸ್ ಹಚ್ಚಿ ಕೊಯ್ದೆವು. ಬಿಸಿಲು ಎಷ್ಟಿತ್ತೆಂದರೆ ನೆಲದ ಮೇಲಿಟ್ಟ ಪಾನಾವನ್ನು ಬಟ್ಟೆ ಸುತ್ತಿ ಹಿಡಿಯಬೇಕು. ಹೊರತೆಗೆದ ಪಾಟಾಗಳಲ್ಲಿ ಎರಡು ಎಲೆ ಬಿರುಕು ಬಿಟ್ಟಿದ್ದವು. ಅವನ್ನು ಬದಲಿಸಿ, ಉಳಿದವುಗಳ ಕಮಾನು ಏರಿಸಿ, ಒಂದೊಂದು ಎಲೆ ಹೆಚ್ಚಿಗೆ ಸೇರಿಸಿದರೆ ಎರಡು ಇಂಚು ತಾನೇ ಬರುತ್ತದೆ.

ಪಾಟಾ ಕಟ್ಟುವ ಮುಂಚೆ ತಮ್ಮ ಒಬ್ಬನೇ ಮೋಟಾರ್ ಸೈಕಲ್ ಮೇಲೆ ಬಂದ.

"ಎರಡು ಸಾಲಲ್ಲ ಉಸ್ತಾದ್. ನಾಲ್ಕು ಮಾಡ್ರಿ. ಟೈರೂ ಇನ್ನೊಂದು ಸೈಜ್ ದೊಡ್ಡದು. ಮತ್ತ ಆ ಫುಟ್‌ಬೋರ್ಡ್ ತೆಗ್ದು ಒಗೀರಿ, ದಿಬ್ಬಕ್ಕ ಮೊದಲು ತಾಗೋದೇ ಅದು."

"ನಿಮ್ಮ ಅಣ್ಣಗ ಗೊತ್ತದ ಏನು?"

"ಅಣ್ಣನೇ ಹೇಳಿ ಕಳಿಸ್ಯಾನ. ಗಾಡಿ ನನ್ನ ಹೆಸರಿಲೆ ಅದ ಉಸ್ತಾದ್, ಅನುಮಾನ ಯಾಕ?"

ಅಣ್ಣನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಯಾವುದೋ ಹೊಲದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಮೇಲೆ ಹಗ್ಗ ಎಳೆಸುತ್ತಿದ್ದಾರೆ, ಅಲ್ಲಿ ನೆಟ್‌ವರ್ಕ್ ಇಲ್ಲ ಎಂದು ತಮ್ಮನೇ ಹೇಳಿದ. ಫುಟ್‌ಬೋರ್ಡ್ ತಗ್ಗಾಗಿ ಇದ್ದದ್ದು, ದಿಬ್ಬಕ್ಕೆ ಬಡಿದು ಸೊಟ್ಟಗಾಗಿದ್ದದ್ದು ಎರಡೂ ನಿಜ. ಸುಳ್ಳು ಹೇಳುವವನು ಅರ್ಧ ನಿಜ ಬೆರೆಸಿದರೆ ನನ್ನಂಥವನು ಏನು ಮಾಡಬೇಕು? ಕೆಲಸ ಮುಂದುವರಿಸಿದೆ.

ನಾಲ್ಕು ಇಂಚು ಅಂದರೆ ಬೇರೆಯೇ ಲೆಕ್ಕ. ಹಿಂದೆ ಎಕ್ಸೆಲ್‌ಗೂ ಪಾಟಾಕ್ಕೂ ನಡುವೆ ಉಕ್ಕಿನ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ ಹಾಕಬೇಕು. ಮುಂದೆ ಬ್ಲಾಕ್ ಇಡುವಂತಿಲ್ಲ, ಜೋರಾಗಿ ಬ್ರೇಕ್ ಒತ್ತಿದರೆ ಎಕ್ಸೆಲ್ ತಿರುಚುತ್ತದೆ. ಅಲ್ಲಿ ಪೂರ್ತಿ ಹೊಸ ಪಾಟಾ ಸೆಟ್ಟೇ ಮಾಡಿಸಿದೆ. ಕಟ್ಟಿ ಮುಗಿಸಿ, ಗಾಲಿ ನೇತುಬಿಟ್ಟು ನೋಡಿದಾಗ ಮುಂದಿನ ಬ್ರೇಕ್ ಹೋಸ್ ಬಿಗಿದ ತಂತಿಯಾಗಿ ನಿಂತಿತ್ತು. ತಗ್ಗಿನಲ್ಲಿ ಒಂದು ಗಾಲಿ ಇಳಿದರೆ ಹೋಸ್ ಕಿತ್ತುಬಂದು ಬ್ರೇಕೇ ಇಲ್ಲ. ಉದ್ದದ ಹೋಸ್ ಹಾಕಿ, ಬ್ರೇಕ್ ಎಣ್ಣೆಯೊಳಗೆ ಸೇರಿದ ಗಾಳಿ ತೆಗೆದೆವು.

ಟ್ರಯಲ್‌ಗೆ ರಿಂಗ್ ರೋಡಿಗೆ ಒಯ್ದರೆ ಮೂರನೇ ಗೇರಿನಲ್ಲಿ ಕ್ಯಾಬಿನ್ನಿನ ನೆಲವೆಲ್ಲ ನಡುಗಿತು. ಗಾಡಿ ಮೇಲೆದ್ದಿದ್ದರಿಂದ ಗೇರಿನಿಂದ ಹಿಂದಿನ ಗಾಲಿಗೆ ತಿರುಗು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿತ್ತು. ಹಿಂದಿನ ಪಾಟಾದ ಕೆಳಗೆ ಓರೆಪಟ್ಟಿ ಇಟ್ಟು ಎಕ್ಸೆಲ್ ಹೌಸಿಂಗಿನ ಮೂತಿಯನ್ನು ತುಸು ಮೇಲಕ್ಕೆ ತಿರುಗಿಸಿದೆ. ಮೊದಲು ಪಟ್ಟಿ ಹೆಚ್ಚು ದಪ್ಪವಾಯಿತು, ನಡುಕ ಇನ್ನೂ ಜಾಸ್ತಿ. ಅರೆದು ತೆಳುಮಾಡಿ ಹಾಕಿದ ಮೇಲೆ ನಿಂತಿತು. ಆಮೇಲೆ ಟೈರು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹೊಸ ಟೈರು ಪಾಟಾಕ್ಕೆ ಉಜ್ಜುತ್ತಿತ್ತು. ಗಾಲಿ ಮಿತಿಮೀರಿ ತಿರುಗದಂತೆ ತಡೆಯುವ ಬೋಲ್ಟನ್ನು ಮುಂದೆ ತಂದು ಬಿಗಿದೆ. ಉಜ್ಜುವುದು ನಿಂತಿತು, ಆದರೆ ಗಾಡಿ ತಿರುಗಲು ಮೊದಲಿಗಿಂತ ಹೆಚ್ಚು ಜಾಗ ಬೇಕಾಯಿತು. ಎತ್ತರಿಸಿದ ಗಾಡಿಗೆ ಒಂದು ಕೊಟ್ಟರೆ ಅದು ಇನ್ನೊಂದು ಕಸಿದುಕೊಳ್ಳುತ್ತದೆ.

ಗಾಡಿ ಒಯ್ಯುವ ದಿನ ತಮ್ಮ ಇಬ್ಬರು ಗೆಳೆಯರನ್ನೂ, ಒಂದು ಚೀಲ ನಿಂಬೆಹಣ್ಣನ್ನೂ ತಂದಿದ್ದ. ಗಾಲಿ ಬಿಚ್ಚಿ ಜೋಡಿಸಿದ ಗಾಡಿಯನ್ನು ನಿಂಬೆಹಣ್ಣು ತುಳಿಸದೆ ನಮ್ಮ ಕಡೆ ಯಾರೂ ರಸ್ತೆಗೆ ಇಳಿಸುವುದಿಲ್ಲ. ಮನೆಯ ಹಿರಿಯರು ಕೂತು ತುಳಿಸಬೇಕು. ಅಣ್ಣ ಬಿಳಿ ಅಂಗಿ, ಧೋತರ ಉಟ್ಟು ಬಂದಿದ್ದರು. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಕಾಯಿ ಒಡೆದಾಯಿತು.

ಅಣ್ಣ ಬಾಗಿಲು ತೆಗೆದು ಗಾಡಿಗೆ ಬೆನ್ನು ಮಾಡಿ ನಿಂತರು. ಕೂರಲು ಹೋದರು. ಸೀಟಿನ ಅಂಚು ಅವರ ಬೆನ್ನಿಗೆ ತಾಗಿತು. ಕಾಲು ಇಡಲು ಕೆಳಗೆ ಏನಾದರೂ ಇದೆಯೇ ಎಂದು ಬಲಹಿಮ್ಮಡಿಯಿಂದ ತಡಕಾಡಿದರು. ಏನೂ ಇರಲಿಲ್ಲ. ಮತ್ತೆ ಮುಂದಕ್ಕೆ ತಿರುಗಿ ಸ್ಟೇರಿಂಗ್ ಹಿಡಿದು ಮೈ ಎಳೆದುಕೊಳ್ಳಲು ನೋಡಿದರು. ಎಡಗಾಲು ಮೇಲೇರಲಿಲ್ಲ.

"ಅಣ್ಣಾ, ಏಣಿ ತರ್ಲೇನು?" ಅಂದ ತಮ್ಮ.

ಗೆಳೆಯರು ನಕ್ಕರು. ಅವರಲ್ಲೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅಣ್ಣ ಇನ್ನೊಮ್ಮೆ ಪ್ರಯತ್ನಿಸಿದರು, ಕೈ ಜಾರಿತು, ಬಲಮೊಳಕಾಲೂರಿ ನೆಲಕ್ಕೆ ಬಿದ್ದರು. ಧೋತರಕ್ಕೆ ಗ್ರೀಸು ಮೆತ್ತಿತು. ನಾನು ಎತ್ತಲು ಹೋದರೆ ಕೈ ಕೊಡವಿದರು.

"ಇರ್ಲಿ ಬಿಡಣ್ಣಾ, ನಿನಗ ವಯಸ್ಸಾತು. ಇನ್ನ ಮ್ಯಾಲ ಮನ್ಯಾಗ ಆರಾಮ ಇರು" ಎಂದು ತಮ್ಮ ನಿಂಬೆಹಣ್ಣಿನ ಕಡೆ ನೋಡುತ್ತ ಸೀಟು ಹತ್ತಲು ಬಂದ. ಅಷ್ಟು ಮಿದುವಾದ ದನಿಯನ್ನು ನಾನು ಅವನ ಬಾಯಿಂದ ಅದುವರೆಗೆ ಕೇಳಿರಲಿಲ್ಲ.

ಆಗ ನನಗೆ ಪೂರ್ತಿ ತಿಳಿಯಿತು. ಈ ಅಣ್ಣ ಅವನಿಗೆ ಕ್ಲಚ್ ಹಿಡಿಯುವುದನ್ನು ಕಲಿಸಿದವರು. ಊರೂರಿನವರು ಫೋನು ಮಾಡುವುದು ಅಣ್ಣನಿಗೆ. ಇಳಿ ಎಂದು ಬಾಯಿಬಿಟ್ಟು ಹೇಳಿದರೆ ಊರು ಉಗುಳುತ್ತದೆ. ಅದಕ್ಕೇ ಗಾಡಿಯನ್ನೇ ಅಣ್ಣನ ಕೈಗೆಟಕದಷ್ಟು ಎತ್ತರಿಸಿದ. ಅದೂ ನನ್ನ ಜ್ಯಾಕ್‌ನಿಂದ, ನನ್ನ ಪಾನಾದಿಂದ. ಅವನು ಹತ್ತುವ ಮುಂಚೆ ಕೈ ಚಾಚಿ ಚಾವಿ ಕಿತ್ತುಕೊಂಡೆ.

"ಗಾಡಿ ಇವತ್ತು ಹೋಗಲ್ಲ."

"ಯಾಕ?"

"ಹಿಂದಿನ ಬ್ರೇಕ್ ಇನ್ನಾ ಸೆಟ್ ಆಗಿಲ್ಲ. ಒಯ್ದು ಸಾಯ್ತಿ ಅಂದ್ರ ಒಯ್ಯಿ, ಆದ್ರ ನನ್ನ ಗ್ಯಾರೇಜಿನಿಂದ ಅಲ್ಲ. ನಿನ್ನ ಗೆಳೆಯರಿಗಿ ಹೇಳು, ಸಿನಿಮಾ ತೆಗೆಯೋದು ಮುಗೀತು ಅಂತ."

ಬ್ರೇಕಿನ ಮಾತು ನೆವವಾದರೂ ಸುಳ್ಳಾಗಿರಲಿಲ್ಲ. ಈ ಗಾಡಿಗಳ ಹಿಂದಿನ ಎಕ್ಸೆಲ್ ಮೇಲೆ ಒಂದು ವಾಲ್ವ್, ಅದಕ್ಕೊಂದು ಕಡ್ಡಿ ಇರುತ್ತದೆ. ಮಾಲು ತುಂಬಿ ಗಾಡಿ ಕುಸಿದರೆ ಕಡ್ಡಿ ಮೇಲೇರಿ ಹಿಂದಿನ ಗಾಲಿಗೆ ಬ್ರೇಕ್ ಹೆಚ್ಚು ಕೊಡುತ್ತದೆ. ನಾವು ಗಾಡಿಯನ್ನೇ ಎತ್ತರಿಸಿದ್ದರಿಂದ ಎಷ್ಟು ತುಂಬಿದರೂ ಅದು ಖಾಲಿ ಎಂದೇ ತಿಳಿಯುತ್ತಿತ್ತು. ಕಡ್ಡಿಗೆ ಅಂದಾಜಿನಲ್ಲಿ ಒಂದು ಕೊಂಡಿ ಹಾಕಿದ್ದೆ, ಭಾರ ಹೇರಿ ನೋಡಿರಲಿಲ್ಲ. ಈಗ ಸರಿಯಾದ ಬ್ರಾಕೆಟ್ ಮಾಡಿ, ಮರಳಿನ ಚೀಲ ತುಂಬಿ, ಕಚ್ಚಾ ರಸ್ತೆಯಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿ, ಗಾಲಿಯ ಗೆರೆ ನೋಡಿ ಹೊಂದಿಸಿದೆ.

ಇದರ ನಡುವೆಯೇ ಡ್ರೈವರ್ ಬಾಗಿಲ ಕೆಳಗೆ ಒಂದು ಮೆಟ್ಟಿಲು ಮಾಡಿದೆ. ತಮ್ಮನನ್ನು ಕೇಳಲಿಲ್ಲ. ತೆಗೆದ ಹಳೇ ಪಾಟಾದ ಎಲೆಯಲ್ಲೇ ಮಾಡೋಣ ಎಂದುಕೊಂಡು ವೆಲ್ಡ್ ಹಚ್ಚಿದರೆ ಮೊದಲ ಪೆಟ್ಟಿಗೇ ಬಿರುಕು ಬಿಟ್ಟಿತು, ಆ ಉಕ್ಕಿಗೆ ವೆಲ್ಡಿಂಗ್ ಹಿಡಿಯುವುದಿಲ್ಲವೆಂದು ಗೊತ್ತಿದ್ದೂ ಸಿಟ್ಟಿನಲ್ಲಿ ಮಾಡಿದ ಕೆಲಸ. ಆಮೇಲೆ ದಪ್ಪ ಚೌಕ ಪೈಪು ತಂದು ಚೌಕಟ್ಟು ಮಾಡಿ, ಮೇಲೆ ಜಾರದ ಚೆಕ್ಕರ್ ಪ್ಲೇಟ್ ಕೂರಿಸಿದೆ. ದಿಬ್ಬಕ್ಕೆ ತಾಗಬಾರದೆಂದು ಕೀಲು ಕೊಟ್ಟು, ಸೀಟಿನಿಂದಲೇ ಕೊಂಡಿ ಎಳೆದರೆ ಮಡಚಿ ಒಳಗೆ ಹೋಗುವಂತೆ ಮಾಡಿದೆ. ಬಾಗಿಲ ಕಂಬಕ್ಕೆ ಒಂದು ಹಿಡಿ. ನನ್ನ ಎಡಮೊಳಕಾಲಿಗೆ ಎರಡು ಕಟ್ಟಿಗೆ ಪಟ್ಟಿ ಬಿಗಿದು ಕಟ್ಟಿಕೊಂಡು ಹತ್ತಿ ನೋಡಿದೆ. ಮೊದಲ ಸಲ ಬಿದ್ದೆ. ಮೆಟ್ಟಿಲು ಕಿರಿದಾಗಿತ್ತು, ಬೆನ್ನು ತಿರುಗಿಸಿ ನಿಲ್ಲಲು ಎರಡೂ ಪಾದಕ್ಕೆ ಜಾಗವಿರಲಿಲ್ಲ. ಅಗಲ ಮಾಡಿದೆ. ಆಗ ಸೀಟು ನನ್ನ ಸೊಂಟಕ್ಕೆ ಸಿಕ್ಕಿತು.

ಅಣ್ಣನನ್ನು ಒಬ್ಬರನ್ನೇ ಬರಹೇಳಿದೆ. ಬಸ್ಸಿಗೆ ಬಂದರು. ಮೆಟ್ಟಿಲನ್ನು ಬಗ್ಗಿ ನೋಡಿದರು, ಮಡಚಿದರು, ಬಿಚ್ಚಿದರು. ಬೆನ್ನು ಮಾಡಿ ನಿಂತು, ಹಿಡಿ ಹಿಡಿದು, ಬಲಗಾಲು ಹಿಂದಕ್ಕಿಟ್ಟು ಮೇಲೇರಿ ಕೂತರು. ನಾನೇ ಹೋಗಿ ನಿಂಬೆಹಣ್ಣು ತಂದು ಇಟ್ಟೆ. ತುಳಿಸಿದರು. ಥ್ಯಾಂಕ್ಸ್ ಅನ್ನಲಿಲ್ಲ. "ಕ್ಲಚ್ ಸುಡ್ತದ್ರಿ ಈ ಟೈರಿಗಿ. ಇರ್ಲಿ, ನಾ ನೋಡ್ಕೋತೀನಿ" ಎಂದಷ್ಟೇ ಹೇಳಿ ಕಮಲಾಪುರದ ಕಡೆ ತಿರುಗಿಸಿಕೊಂಡು ಹೋದರು. ಆ ದಿನ ಊಟ ರುಚಿಯಾಗಿತ್ತು.

ಹೊಸ ಯು-ಬೋಲ್ಟುಗಳು ಸ್ವಲ್ಪ ಓಡಿದ ಮೇಲೆ ಸಡಿಲುತ್ತವೆ, ಒಮ್ಮೆ ಬಿಗಿಯಲೇಬೇಕು. ಗಾಡಿ ಬರಲಿಲ್ಲ, ಫೋನು ಮಾಡಿದರೆ ಅಣ್ಣ ಪುರುಸೊತ್ತಿಲ್ಲ ಎಂದರು. ಪಾನಾ ಕಟ್ಟಿಕೊಂಡು ನಾನೇ ಹೋದೆ. ಕಮಲಾಪುರದ ಆಚೆ ಒಂದು ತೊಗರಿ ಹೊಲದಲ್ಲಿ ಕೆಲಸ ನಡೆದಿತ್ತು. ಒಂದು ಮರವಿಲ್ಲ, ನೆರಳಿಲ್ಲ. ಆಳುಗಳು ಊಟ ಮುಗಿಸಿ ಪಿಕಪ್ಪಿನ ನೆರಳಿನಲ್ಲಿ ಮಲಗಿದ್ದರು. ತಮ್ಮ ಕಂಬದ ಬುಡದಲ್ಲಿ ಕೊಡೆ ಬಿಡಿಸಿಕೊಂಡು ಕೂತಿದ್ದ. ಅಣ್ಣ ಮಾತ್ರ ಕ್ಯಾಬಿನ್ನಿನೊಳಗೆ, ಕಾದ ತಗಡಿನ ಕೆಳಗೆ, ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಿದ್ದರು. ಬುತ್ತಿಯ ಗಂಟು ಪಕ್ಕದ ಸೀಟಿನಲ್ಲಿತ್ತು.

ಗಾಡಿಯ ಕೆಳಗೆ ನುಗ್ಗಿ ನಟ್ಟು ಬಿಗಿಯುವಾಗ ನೋಡಿದೆ. ಮೆಟ್ಟಿಲು ಇರಲಿಲ್ಲ. ಕೀಲಿನ ಬುಡಕ್ಕೆ ಗ್ಯಾಸಿನಿಂದ ಕೊಯ್ದಿದ್ದರು. ಬಾಗಿಲ ಕಂಬದ ಹಿಡಿಯ ಜಾಗದಲ್ಲಿ ಎರಡು ತೂತು ಉಳಿದಿದ್ದವು.

ಹೊರಗೆ ಬಂದು ಕೇಳಿದೆ. "ಮೆಟ್ಟಲಾ ಯಾರು ಕೊಯ್ದ್ರು ಅಣ್ಣಾರ?"

"ನಾ ಅಂಗಡಿಗಿ ಹೋಗಿದ್ದೆ ಉಸ್ತಾದ್ರ. ಬರೋದ್ರಾಗ ಆಗಿತ್ತು. ಕಲ್ಲಿಗಿ ತಾಗಿತ್ತಂತ."

"ಮಡಚತಿತ್ತಲ್ರಿ ಅದು!"

"ಮಡಚತಿತ್ತು."

"ಮತ್ತ ನೀವು ಹ್ಯಾಂಗ ಹತ್ತೀರಿ?"

ಮನೆ ಮುಂದೆ ಕಲ್ಲಿನ ಕಟ್ಟೆಯಿದೆಯಂತೆ. ಸಂಜೆ ಗಾಡಿಯನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ ಇಳಿಯುತ್ತಾರೆ, ಬೆಳಿಗ್ಗೆ ಕಟ್ಟೆಯಿಂದಲೇ ಹತ್ತುತ್ತಾರೆ. ಹೊಲದಲ್ಲಿ ಕಟ್ಟೆಯಿಲ್ಲ. ಹಾಗಾಗಿ ಬೆಳಿಗ್ಗೆ ಹತ್ತಿದವರು ಸಂಜೆಯವರೆಗೆ ಇಳಿಯುವುದಿಲ್ಲ. ಇದನ್ನು ಅವರು ಊಟಕ್ಕೆ ಏನು ತಂದಿದ್ದೇನೆ ಎಂದು ಹೇಳುವ ಹಾಗೆ ಹೇಳಿದರು.

ಅವರ ತುಟಿ ಒಡೆದು ರಕ್ತ ಒಣಗಿತ್ತು. ನನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಕಿಟಕಿಗೆ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ಬ್ಯಾಡ್ರಿ. ಕುಡದ್ರ ಇಳೀಬೇಕಾಗ್ತದ. ಇಳದ್ರ ಅಂವ ಹತ್ತತಾನ."

ಕೊಡೆಯ ಕೆಳಗಿನಿಂದ ತಮ್ಮ ಕೂಗಿದ. "ಉಸ್ತಾದ್, ಭಾಳ ಚಲೋ ಆತು ಬಂದಿದ್ದು. ನೀವು ಮಾಡಿದ ಮ್ಯಾಲ ಗಾಡಿ ಅಂಗಳದಾಗ ತಿರುಗವಲ್ದು ನೋಡ್ರಿ. ಜಾಗಾ ಸಾಲವಲ್ದು. ಬರೋ ಸೋಮವಾರ ಆ ಕಟ್ಟಿ ಒಡಸಬೇಕಂತ ಮಾಡೀನಿ."

ನಾನು ಬಿಗಿದ ಆ ತಡೆಬೋಲ್ಟು ನೆನಪಾಯಿತು. ಟೈರು ಉಜ್ಜಬಾರದೆಂದು ಮಾಡಿದ್ದು. ಪಾನಾ ಅವನ ತಲೆಯ ಮೇಲೆ ಎಸೆಯಬೇಕೆನ್ನಿಸಿತು, ನಿಜವಾಗಿ ಎನ್ನಿಸಿತು. ಕಿಟಕಿಗೆ ಬಾಯಿ ಹಚ್ಚಿ ಅಣ್ಣನಿಗೆ ಮೆಲ್ಲಗೆ ಹೇಳಿದೆ.

"ಅಣ್ಣಾರ, ನಿಮ್ಮ ಹಳೇ ಪಾಟಾ ನನ್ನ ಕಡೆ ಅದಾವ. ಎಲೆ ಬದ್ಲಿ ಮಾಡಿ ಕೂಡಸ್ತೀನಿ. ಇಲ್ಲಿಂದ ಸೀದಾ ಗ್ಯಾರೇಜಿಗಿ ತಗೊಂಡು ನಡೀರಿ. ಗಾಡಿ ಕೆಳಗ ಇಳಸಿಬಿಡ್ತೀನಿ."

ಅವರು ತಮ್ಮನ ಕಡೆಗೇ ನೋಡುತ್ತಿದ್ದರು.

"ಬ್ಯಾಡ್ರಿ. ಕೆಳಗ ಇಳಸಿದ್ರ ನಾ ಸೋತಂಗ ಆಗ್ತದ. ಕಟ್ಟಿ ಒಡದ್ರ ಏನು, ಒಡೀಲಿ. ರವಿವಾರ ಸಂಜಿಕಿ ನಾ ಇಳಿಯಂಗೇ ಇಲ್ಲ."

ತಮಾಷೆಗೆ ಹೇಳಿದರೇನೋ ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ತಮ್ಮ ಆಳುಗಳನ್ನು ಎಬ್ಬಿಸತೊಡಗಿದ. ಆಳುಗಳು ಎದ್ದು ಹಗ್ಗದ ತುದಿಯನ್ನು ಪಿಕಪ್ಪಿಗೆ ಕಟ್ಟಿದರು. ನಾನು ಬಾಟಲಿ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದೆ.

"ಉಸ್ತಾದ್ರ, ಆ ನೀರು ರೇಡಿಯೇಟರಿಗಿ ಹಾಕ್ರಿ" ಅಂದರು. "ಅದಕರ ಕುಡ್ಯಾಕ ಯಾವ ತ್ರಾಸೂ ಇಲ್ಲ."

ಬಾನೆಟ್ ಎತ್ತಿ ಮುಚ್ಚಳ ತೆಗೆದು ಹೊಯ್ದೆ. ಕಿಟಕಿಯಿಂದ ತಲೆ ಹೊರಗೆ ಚಾಚಿ ಅವರು ಬಾಟಲಿ ಖಾಲಿಯಾಗುವವರೆಗೂ ನೋಡುತ್ತಿದ್ದರು. ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಕ್ಲಚ್ ಮೇಲೆ ಇಟ್ಟುಕೊಂಡು, ಗಾಡಿ ಚಾಲೂ ಮಾಡಿದರು.